ಟೀಮ್‌ವರ್ಕ್‌ಗೆ ಹತ್ತು ಮಾರ್ಕು

2019ರಿಂದ ಎಂಬಿಬಿಎಸ್ ಹುಡುಗರಿಗೆ ಎಟ್‌ಕಾಮ್ ಅಂತ ಒಂದು ಪಾಠ ಬಂದಿದೆ. ನಡವಳಿಕೆ, ನೀತಿ, ಮಾತುಕತೆ. ಒಳ್ಳೆಯದೇ. ಕೊಡಗಿನ ಒಂದು ಆಸ್ಪತ್ರೆಯಲ್ಲಿ ಇದರ ಜೊತೆಗೆ ಟೀಮ್‌ವರ್ಕ್ ಕ್ಲಾಸೂ ಜೋರಾಗಿ ನಡೆಯಿತು. ಟೀಮ್ ಅಂದರೆ ಡಾಕ್ಟರ್ ಆಗುವವರು ಮಾತ್ರ. ನರ್ಸಿಂಗ್ ಮಕ್ಕಳಿಗೆ ಅದೇ ಸ್ಲೈಡು, ಬೇರೆ ಕಟ್ಟಡ, ಬೇರೆ ದಿನ. ಕೊನೆಗೆ ಪರೀಕ್ಷೆ. ಪಕ್ಕದವರ ಜೊತೆ ಮಾತಾಡಿದರೆ ಪೇಪರ್ ಕಿತ್ತುಕೊಳ್ಳುತ್ತಾರೆ.

ಕಲಿಸಿದ್ದು ಎಸ್‌ಬಾರ್. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ ಆಸ್ಪತ್ರೆಗೆ ಬಂದ ವಿದ್ಯೆ. ರೋಗಿಯ ವಿಷಯ ದಾಟಿಸುವಾಗ ಈಗ ಏನಾಗಿದೆ, ಹಿಂದೇನಾಗಿತ್ತು, ನನಗೇನು ಅನಿಸುತ್ತದೆ, ಏನು ಮಾಡಬೇಕು, ಇದೇ ಸಾಲಿನಲ್ಲಿ ಹೇಳಬೇಕು. ಮಡಿಕೇರಿ ಕಡೆಯ ಮಳೆ ನೋಡಿದರೆ ಸಬ್‌ಮರೀನ್ ವಿದ್ಯೆ ನಮಗೇ ಸರಿ ಬಿಡಿ.

ಆಗಸ್ಟ್ 4ರ ಬೆಳಿಗ್ಗೆ. ಕಾಲು ಮುರಿದು ಮಲಗಿದ್ದ ತಾತನಿಗೆ ಮೂತ್ರ ಕೆಂಪಗೆ ಹೋಯಿತು. ದೂರದೂರಿನ ಇಂಟರ್ನ್ ಗಾಬರಿಯಾದ. ಆದರೂ ಎಸ್‌ಬಾರ್ ಮರೆಯಲಿಲ್ಲ. ಡ್ಯೂಟಿ ಡಾಕ್ಟರಿಗೆ ಫೋನು, ನಾಲ್ಕೂ ಅಂಶ, ಫುಲ್ ಮಾರ್ಕ್ಸ್. ಅವರು ಕೇಳಿದ್ದನ್ನೆಲ್ಲ ತಿರುಗಿ ಒಪ್ಪಿಸಿದರು. ಅದೂ ಸ್ಲೈಡಿನಲ್ಲಿತ್ತು. ಅಲ್ಲಿಂದ ದೊಡ್ಡ ಡಾಕ್ಟರಿಗೆ. ರಕ್ತ ಪರೀಕ್ಷೆ, ಸ್ಕ್ಯಾನ್. ತಾತನನ್ನು ವೀಲ್‌ಚೇರಿನಲ್ಲಿ ಕೂರಿಸಿ, ಮೇಲೆ ಕೊಡೆ ಹಿಡಿದು ಪಕ್ಕದ ಕಟ್ಟಡಕ್ಕೆ ತಳ್ಳಿಕೊಂಡು ಹೋದರು.

ನೆಲ ಒರೆಸುತ್ತಿದ್ದ ಆಯಾ ತಲೆ ಎತ್ತಿದರು. "ನಿನ್ನೆ ಕಕ್ಕಡ ಪದಿನೆಟ್ಟ್ ಅಲ್ವಾ ಸಾರ್. ಅವರ ಮನೆಯಿಂದ ಮದ್ದುಪಾಯಸ ತಂದಿದ್ರು. ತಿಂದ್ರೆ ಹಂಗೇ ಹೋಗೋದು. ನಂಗೂ ಹಂಗೇ."

ಕೊಡವರ ಕಕ್ಕಡ ತಿಂಗಳ 18ನೇ ದಿನ ಮದ್ದುಸೊಪ್ಪು ಬೇಯಿಸಿದ ನೇರಳೆ ನೀರಲ್ಲಿ ಪಾಯಸ ಮಾಡುವುದು, ಆಮೇಲೆ ಮೂತ್ರ ಕೆಂಪಾಗುವುದು ಇಲ್ಲಿ ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಕೆಂಪಾದರೆ ಮದ್ದು ಮೈಗೆ ಹಿಡಿಯಿತು ಅಂತ ಖುಷಿಪಡುವ ಅಜ್ಜಿಯಂದಿರಿದ್ದಾರೆ.

ಸಿಸ್ಟರ್‌ಗೂ ಗೊತ್ತಿತ್ತು. ವಿರಾಜಪೇಟೆ ಕಡೆಯವರು.

"ಹೇಳಬಾರದಿತ್ತಾ ಸಿಸ್ಟರ್?"

"ನೀವು ಕೇಳಲಿಲ್ವಲ್ಲ ಸಾರ್. ಫೋನಲ್ಲಿ ಸುಮ್ನೆ ಇಂಗ್ಲಿಷ್ ಮಾತಾಡ್ತಿದ್ರಿ. ಮಧ್ಯೆ ಬಾಯಿ ಹಾಕಿದ್ರೆ ಬೈತೀರಾ."

ನಿನ್ನೆ ಏನು ತಿಂದಿರಿ ಅಂತ ತಾತನನ್ನೂ ಯಾರೂ ಕೇಳಿರಲಿಲ್ಲ. ನಾಲ್ಕು ಅಂಶದಲ್ಲಿ ತಾತ ಇರಲಿಲ್ಲ ನೋಡಿ.

ಸ್ಕ್ಯಾನ್ ನಾರ್ಮಲ್ ಬಂತು. ಮಾತುಕತೆ ಎಲ್ಲಿ ತಪ್ಪಿತು ಅಂತ ಹುಡುಕಲು ಆ ವಾರವೇ ಮೀಟಿಂಗ್ ಇಟ್ಟರು. ಡಾಕ್ಟರುಗಳೆಲ್ಲ ಸೇರಿ ಒಂದೂವರೆ ಗಂಟೆ ಚರ್ಚೆ ಮಾಡಿ, ಹೊಸ ಸ್ಲೈಡು ಬೇಕು ಅಂತ ತೀರ್ಮಾನಿಸಿದರು. ಆಯಾ ನಡುವೆ ಒಮ್ಮೆ ಒಳಗೆ ಬಂದು, ಕಾಫಿ ಇಟ್ಟು ಹೋದರು.