ಫ್ಲೆಷ್ ವಲೋನ್ ಹುಯಿ ಗೋಡೆಯ ಮೇಲೆಯೇ ಮುಗಿಯಬೇಕೇ?

ಪರ

ಹುಯಿ ಗೋಡೆ ಎಂದು ಕರೆಯುವ, ಬೆಲ್ಜಿಯಂನ ಹುಯಿ ಪಟ್ಟಣದ ಈ ಏರುರಸ್ತೆ 1.3 ಕಿ.ಮೀ. ಮಾತ್ರ. ಸರಾಸರಿ ಏರಿಕೆ ಶೇ 9.6, ಕ್ಲೋಡಿ ಕ್ರಿಕೆಲಿಯೋನ್ ಹೆಸರಿನ ತಿರುವಿನ ಒಳಬದಿಯಲ್ಲಿ ಅದು ಶೇ 20 ದಾಟುತ್ತದೆ. 1985ರಿಂದ ಫ್ಲೆಷ್ ವಲೋನ್ ಸೈಕಲ್ ಓಟ ಇದರ ನೆತ್ತಿಯಲ್ಲಿ ಮುಗಿಯುತ್ತಿದೆ. ಅಲ್ಲಿಯೇ ಮುಗಿಯಬೇಕು.

ಇಲ್ಲಿ ಯಾರೂ ಇನ್ನೊಬ್ಬರ ಬೆನ್ನ ಹಿಂದೆ ಅಡಗಿ ಗೆಲ್ಲಲಾರರು. ಸಮತಟ್ಟಾದ ರಸ್ತೆಯಲ್ಲಿ ಮುಂದಿನವರು ಗಾಳಿ ಸೀಳಿದರೆ ಹಿಂದಿನವರಿಗೆ ಶ್ರಮ ಉಳಿಯುತ್ತದೆ. ಈ ಏರಿನಲ್ಲಿ ವೇಗ ಕುಸಿಯುವುದರಿಂದ ಆ ಲಾಭ ಬಹುಮಟ್ಟಿಗೆ ಕರಗಿಹೋಗುತ್ತದೆ. ಆಮೇಲೆ ಉಳಿಯುವುದು ಕಾಲಿನ ಕಸುವು ಮತ್ತು ತಾಳ್ಮೆ. ಬೇಗ ನುಗ್ಗಿದವರು ಗುರಿ ಕಾಣುವಾಗಲೇ ಸೋಲುತ್ತಾರೆ.

ನಂದಿ ಬೆಟ್ಟದ ರಸ್ತೆ ಇಷ್ಟು ಕಡಿದಲ್ಲ. ಆದರೂ ಒಮ್ಮೆ ಅಲ್ಲಿ, ಬುಡದಿಂದಲೂ ನಮ್ಮೆಲ್ಲರ ಹಿಂದೆ ಸುಮ್ಮನೆ ಬರುತ್ತಿದ್ದ ನನ್ನ ಅಕ್ಕ ಕೊನೆಯ ತಿರುವುಗಳಲ್ಲಿ ಒಬ್ಬೊಬ್ಬರನ್ನೇ ದಾಟಿ ಹೋದಳು. ಹೇಗೆಂದು ಕೇಳಿದರೆ, "ನಿಮ್ಮ ಏದುಸಿರು ಕೇಳಿಸಿಕೊಳ್ಳುತ್ತಾ ಬಂದೆ. ಯಾರದು ಕೆಟ್ಟಿತೋ ಅವರನ್ನು ದಾಟಿದೆ" ಎಂದಳು. ನೆದರ್ಲೆಂಡ್ಸ್‌ನ ಅನಾ ವಾನ್ ಡೆರ್ ಬ್ರೆಗೆನ್ ಮಹಿಳೆಯರ ಓಟದಲ್ಲಿ 2015ರಿಂದ 2021ರವರೆಗೆ ಸತತ ಏಳು ಬಾರಿ ಹುಯಿಯಲ್ಲಿ ಗೆದ್ದಾಗ ನನಗೆ ಕಂಡದ್ದು ಇಂಥದೇ ಬುದ್ಧಿ. ಅವರು ಎಲ್ಲಿ ಗೆಲ್ಲುತ್ತಾರೆಂದು ಎದುರಾಳಿಗಳಿಗೆ ಗೊತ್ತಿತ್ತು, ತಡೆಯಲು ಮಾತ್ರ ಆಗಲಿಲ್ಲ. ಇದನ್ನು ಬೇಸರದ ಓಟ ಎನ್ನುವವರಿಗೆ ಬೇಕಿರುವುದು ಬರಿಯ ಗೊಂದಲ. ಲಿಯೆಜ್-ಬಾಸ್ತೋನ್-ಲಿಯೆಜ್ ಓಟದಲ್ಲಿ ಗುರಿ ಬದಲಾಯಿತಲ್ಲ ಎನ್ನುತ್ತಾರೆ. ಅದು ಬೇರೆಯೇ ಓಟ.

ವಿರೋಧ

ಈ ಪಕ್ಷವನ್ನು ನನಗೆ ವಹಿಸಲಾಗಿದೆ. ಗೋಡೆಯನ್ನೇ ಕೈಬಿಡಿ ಎನ್ನಲು ನನಗೂ ಮನಸ್ಸಿಲ್ಲ. ಗುರಿಗೆರೆಯನ್ನು ಅಲ್ಲಿಂದ ಕೆಲವು ಕಿಲೋಮೀಟರ್ ಮುಂದಕ್ಕೆ ಒಯ್ದರೆ ಸಾಕು.

ಪುರುಷರ ಓಟ ಸುಮಾರು 200 ಕಿ.ಮೀ. ಅದರಲ್ಲಿ ಕಣ್ಣು ನೆಡಬೇಕಾದದ್ದು ಕೊನೆಯ ಮೂರು ನಿಮಿಷ. ಗೋಡೆಗಾಗಿ ಎಲ್ಲರೂ ಕಾಲು ಉಳಿಸಿಕೊಳ್ಳುತ್ತಾರೆ. ಮೊದಲೇ ಮುನ್ನುಗ್ಗಿದವರನ್ನು ತಂಡಗಳು ಬೆನ್ನಟ್ಟಿ ಹಿಡಿಯುತ್ತವೆ. 1994ರಲ್ಲಿ ಅರ್ಜೆಂಟಿನ್, ಫುರ್ಲಾನ್, ಬೆರ್ಜಿನ್ ಎಂಬ ಒಂದೇ ತಂಡದ ಮೂವರು ಬಹಳ ದೂರದಿಂದಲೇ ಹೊರಟು ಮೊದಲ ಮೂರು ಸ್ಥಾನ ಪಡೆದದ್ದನ್ನು ಕೆಲವರು ನೆನಪಿಸುತ್ತಾರೆ. ಅದು ಹಳೆಯ ಕಾಲ. 2015ರಲ್ಲಿ ಸಂಘಟಕರು ಗೋಡೆಗೆ ಸ್ವಲ್ಪ ಮೊದಲು ಷೆರಾವ್ ಏರನ್ನು ಸೇರಿಸಿದರು. ಆ ವರ್ಷವೂ ಸ್ಪೇನಿನ ವಾಲ್ವೆರ್ಡೆ ಗೋಡೆಯ ಮೇಲೆಯೇ ಗೆದ್ದರು, ಮುಂದಿನ ಎರಡು ವರ್ಷವೂ ಅವರೇ. ನಡುವೆ ಏನನ್ನು ಸೇರಿಸಿದರೂ ಕೊನೆ ಬದಲಾಗುವುದಿಲ್ಲ.

ಗುರಿ ಸರಿಸಿದರೆ ಕೊನೆ ಬದಲಾಗುತ್ತದೆ ಎನ್ನಲು ಉದಾಹರಣೆ ಇದೆ. ಅದೇ ವಾರದ ಭಾನುವಾರ ನಡೆಯುವ ಲಿಯೆಜ್-ಬಾಸ್ತೋನ್-ಲಿಯೆಜ್ 2018ರವರೆಗೆ ಆನ್ಸ್‌ನ ಏರಿನ ಮೇಲೆ ಮುಗಿಯುತ್ತಿತ್ತು. 2019ರಲ್ಲಿ ಗುರಿಯನ್ನು ಲಿಯೆಜ್ ನಗರಕ್ಕೆ ಇಳಿಸಿದರು. ಆ ವರ್ಷ ಯಾಕೊಬ್ ಫುಗ್ಲ್‌ಸಾಂಗ್ ಎಲ್ಲರನ್ನೂ ಹಿಂದೆ ಬಿಟ್ಟು ಒಬ್ಬರೇ ಬಂದು ಗೆದ್ದರು.