ಸಾಲ ಕೊಟ್ಟರೆ ಸಾಕಾ?

‘ಆಫ್ರಿಕಾದ ಹೆಣ್ಣುಮಕ್ಕಳ ಕೈಗೆ ಸಣ್ಣ ಸಾಲ ಸಿಕ್ಕರೆ ಉಳಿದದ್ದೆಲ್ಲ ತಾನಾಗೇ ಬರುತ್ತದೆ’ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನಂತೂ ಒಪ್ಪಲ್ಲ. ಹೊಲ ಗಂಡನ ಹೆಸರಲ್ಲಿದ್ದರೆ ಸಾಲ ಮಾಡಿ ತಂದ ಬೀಜ ಬಿತ್ತುವುದು ಯಾರ ನೆಲದಲ್ಲಿ? ರುವಾಂಡಾ ನೋಡಿ. 1999ರ ಕಾನೂನು ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. ಆಮೇಲೆ ದೇಶದ ಜಮೀನನ್ನೆಲ್ಲ ನೋಂದಾಯಿಸುವಾಗ, ಆಕಾಶದಿಂದ ತೆಗೆದ ಫೋಟೊ ಹಿಡಿದು, ಅಕ್ಕಪಕ್ಕದ ಹೊಲದವರನ್ನು ನಿಲ್ಲಿಸಿಕೊಂಡು ಬದು ಗುರುತಿಸಿದರು. ಜಮೀನಿನ ಹಕ್ಕುಪತ್ರದಲ್ಲಿ ಗಂಡ-ಹೆಂಡತಿ ಇಬ್ಬರ ಹೆಸರೂ ಬಂತು. ಬರೀ ಸಾಲದಿಂದ ಆಗದ ಕೆಲಸ ಇದು! ಆದರೆ ಅಲ್ಲೂ ಒಂದು ತೊಡಕು: ಮದುವೆ ಕಾನೂನು ಪ್ರಕಾರ ನೋಂದಣಿ ಆಗಿರಬೇಕಿತ್ತು. ಸುಮ್ನೆ ಸಂಪ್ರದಾಯದಂತೆ ಮದುವೆಯಾಗಿ ಬಾಳುತ್ತಿದ್ದ ಎಷ್ಟೋ ಹೆಂಗಸರು ಹೊರಗೇ ಉಳಿದರು. ಅವರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲವಲ್ಲ?