ದೊಡ್ಡಮ್ಮ ಹೇಳಿದ್ದನ್ನ ಯಾರೂ ಬರ್ಕೊಳ್ಳಲಿಲ್ಲ
ಬ್ರಿಟನ್ನಿಗೆ ಬಂದು ಹನ್ನೊಂದು ವರ್ಷ ಆಯ್ತು, ಇಲ್ಲಿರೋದೆಲ್ಲಾ ಚೆನ್ನ ಅನ್ನೋನಲ್ಲ ನಾನು, ಆದ್ರೆ ಸಿಜೆಡಿ ಅನ್ನೋ ಮೆದುಳಿನ ಕಾಯಿಲೆನ ಇವ್ರು ಪತ್ತೆ ಹಚ್ಚೋ ರೀತಿ ನೋಡಿ ದೊಡ್ಡಪ್ಪನ ನೆನಪಾಗಿ ತುಂಬಾ ಸಂಕಟ ಆಯ್ತು.

ದೊಡ್ಡಪ್ಪಂಗೆ ಮೊದಲು ನಡಿಗೆ ವಾಲ್ತಿತ್ತು, ಆಮೇಲೆ ಮಾತು ತಡವರಿಸೋಕೆ ಶುರುವಾಯ್ತು. ಒಬ್ರು ಡಿಪ್ರೆಶನ್ ಅಂದ್ರು, ಇನ್ನೊಬ್ರು ಸ್ಟ್ರೋಕ್ ಅಂದ್ರು. ದೊಡ್ಡಮ್ಮ ಮಾತ್ರ "ಲೋಟ ಬಿದ್ದ ಸದ್ದಿಗೂ ಇವ್ರ ಮೈಯೆಲ್ಲಾ ಬೆಚ್ಚಿಬೀಳುತ್ತೆ" ಅಂತ ಹೋದಲ್ಲೆಲ್ಲಾ ಹೇಳ್ತಾನೇ ಇದ್ರು. ಆ ಬೆಚ್ಚಿಬೀಳೋದು ಈ ಕಾಯಿಲೆಯ ಮುಖ್ಯ ಗುರುತುಗಳಲ್ಲಿ ಒಂದು ಅಂತ ನಂಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಐದೇ ತಿಂಗಳಲ್ಲಿ ಹೋಗ್ಬಿಟ್ರು, ಫೈಲಲ್ಲಿ ಉಳಿದಿದ್ದು "ಸಿಜೆಡಿ ಇರಬಹುದು" ಅಂತ ಒಂದು ಸಾಲು.

ಇಲ್ಲಿ ನನ್ನ ಜೊತೆ ಕೆಲಸ ಮಾಡೋರೊಬ್ರ ತಾಯಿಗೆ ಇದೇ ಅನುಮಾನ ಬಂದ ತಕ್ಷಣ ಡಾಕ್ಟರು ಎಡಿನ್‌ಬರೋದಲ್ಲಿರೋ ಸಿಜೆಡಿ ಯೂನಿಟ್ಟಿಗೆ ತಿಳಿಸಿದ್ರು. ಹಸುಗಳ ಮೆದುಳಿಗೆ ಬರೋ, ಸಿಜೆಡಿ ಜಾತಿಯದ್ದೇ ಆದ ಹುಚ್ಚು ಹಸು ರೋಗದ ಕಾಲದಲ್ಲಿ, 1990ರಲ್ಲಿ ಶುರುವಾಗಿದ್ದು ಅದು, ಮನುಷ್ಯರಲ್ಲಿ ಹೊಸ ಬಗೆಯ ಸಿಜೆಡಿ ಬಂದಿದೆ ಅಂತ 1996ರಲ್ಲಿ ಗುರುತಿಸಿದ್ದೂ ಅಲ್ಲಿಯವ್ರೇ. ಅಲ್ಲಿಂದ ಡಾಕ್ಟರು ಬಂದು ಪೇಷಂಟ್ ನೋಡಿ, ಮಗಳ ಪಕ್ಕ ಕೂತು, ಮೊದಲು ತಪ್ಪಿದ್ದು ಹೆಜ್ಜೆನಾ ನೆನಪಾ, ಯಾವ ವಾರ, ನಿದ್ದೆ ಹೇಗಿತ್ತು, ಮನೇಲಿ ಬೇರೆ ಯಾರಿಗಾದ್ರೂ ಹೀಗಾಗಿತ್ತಾ ಅಂತ ಒಂದೊಂದೂ ಕೇಳಿ ಬರ್ಕೊಂಡ್ರು. ಎಂಆರ್‌ಐ, ಮೆದುಳಿನ ಅಲೆ ನೋಡೋ ಇಇಜಿ, ಬೆನ್ನಿಂದ ತೆಗೆದ ನೀರಲ್ಲಿ ಸಿಜೆಡಿ ಸುಳಿವು ಹುಡುಕೋ ಆರ್‌ಟಿ-ಕ್ವಿಕ್ ಟೆಸ್ಟ್, ಇದ್ಯಾವ್ದನ್ನೂ ಬಿಡಲಿಲ್ಲ.

ವಾಸಿಯಾಗದ ಕಾಯಿಲೆಗೆ ಇಷ್ಟೆಲ್ಲಾ ಯಾಕೆ ಅಂತೀರಾ? ಹೆಚ್ಚುಕಮ್ಮಿ ಇದೇ ಥರ ಕಾಣೋ ಆಟೋಇಮ್ಯೂನ್ ಎನ್ಸೆಫಲೈಟಿಸ್‌ಗೆ, ಅಂದ್ರೆ ದೇಹದ ರೋಗನಿರೋಧಕ ಶಕ್ತಿನೇ ಮೆದುಳಿನ ಮೇಲೆ ತಿರುಗಿಬೀಳೋ ಕಾಯಿಲೆಗೆ, ಔಷಧಿ ಇದೆ, ಬೇಗ ಕೊಟ್ರೆ ಎಷ್ಟೋ ಜನ ಚೇತರಿಸ್ಕೋತಾರೆ.

ಸಿಜೆಡಿ ಹತ್ತು ಲಕ್ಷ ಜನಕ್ಕೆ ವರ್ಷಕ್ಕೆ ಒಬ್ರೋ ಇಬ್ರೋ ಅಂತ ಲೆಕ್ಕ, ಅದೇ ಪ್ರಮಾಣ ಅಂದ್ಕೊಂಡ್ರೂ ಕರ್ನಾಟಕದಲ್ಲೇ ವರ್ಷಕ್ಕೆ 60ಕ್ಕೂ ಹೆಚ್ಚು ಜನ ಆಗ್ಬೇಕು. ನಮ್ಮಲ್ಲಿ ಬಲ್ಲೋರಿಲ್ಲ ಅಂತಲ್ಲ, ನಿಮ್ಹಾನ್ಸ್‌ನಲ್ಲಿ 1995ರಿಂದ, ತೀರಿಕೊಂಡವ್ರ ಮೆದುಳನ್ನ ಸಂಶೋಧನೆಗೆ ಕಾಪಾಡಿಡೋ ಬ್ರೇನ್ ಬ್ಯಾಂಕೇ ಇದೆ. ಆದ್ರೆ ಜಿಲ್ಲಾಸ್ಪತ್ರೆ ಡಾಕ್ಟರಿಗೆ ಅನುಮಾನ ಬಂದ್ರೆ ಫೋನ್ ಮಾಡೋಕೆ ಒಂದು ನಂಬರ್, ಮನೆಯವ್ರ ಮಾತು ಕೇಳೋಕೆ ಒಬ್ರು ಬರೋ ಏರ್ಪಾಡು ಬೇಕು.

ನೂರಕ್ಕೆ ಹತ್ತು-ಹದಿನೈದು ಕೇಸು ವಂಶದಲ್ಲಿ ಬರೋವು. ದೊಡ್ಡಪ್ಪ ಇದ್ದಾಗ್ಲೇ ರಕ್ತ ತೆಗೆದು ಜೀನ್ ಟೆಸ್ಟ್ ಮಾಡಿಸಿದ್ರೆ ನಮ್ಮನೇದು ಆ ಥರದ್ದಾ ಅಂತ ಗೊತ್ತಾಗ್ತಿತ್ತು. ಈಗ ಅವ್ರ ಮಗ, ನಮ್ಮಣ್ಣ, ಒಂದು ಸಲ ಕಾಲು ಎಡವಿದ್ರೂ ಸಾಕು, ರಾತ್ರಿ ನಂಗೆ ಫೋನ್ ಮಾಡ್ತಾನೆ.